ಮನೆಯ ಯಂತ್ರಗಳು: ಹಳೆಯ ಮೋಟಾರಿಗೆ ಹೊಸ ಬೋಲ್ಟು

ಎರೆಯ ನಾಡಿನ ಒಕ್ಕಲುಮಕ್ಕಳಿಗೆ ಚಕ್ಕಡಿಯ ಮರ್ಮವನ್ನು ಯಾರೂ ಹೇಳಿಕೊಡಬೇಕಾದದ್ದಿಲ್ಲ. ಎತ್ತುಗಳು ಎಷ್ಟೇ ಬಲವುಳ್ಳವಾಗಿರಲಿ, ಗಾಲಿಗಳು ಎಷ್ಟೇ ಗಟ್ಟಿಮುಟ್ಟಾಗಿರಲಿ, ಅಚ್ಚಿನ ತುದಿಯಲ್ಲಿಯ ಕಡೆಗೀಲು ಉದುರಿತೆಂದರೆ ಗಾಲಿಯು ಕಳಚಿ ಬಂಡಿಯು ನೆಲ ಹಿಡಿಯುವದು. ಹಳೆಯ ವಚನಕಾರರಲ್ಲೊಬ್ಬನಾದ ಜೇಡರ ದಾಸಿಮಯ್ಯನು ತನ್ನದೊಂದು ವಚನದಲ್ಲಿ ಈ ಕಡೆಗೀಲನ್ನೇ ಉಪಮಾನವಾಗಿ ತೆಗೆದುಕೊಂಡಿರುವದು ಸುಮ್ಮನೆ ಅಲ್ಲ. ಈಗ ಎಷ್ಟೋ ಮನೆಗಳಲ್ಲಿ ಚಕ್ಕಡಿಯ ಜಾಗದಲ್ಲಿ ಮೋಟಾರು ಬಂದು ನಿಂತಿದೆ. ಆದರೆ ಕಡೆಗೀಲು ಮಾತ್ರ ಎಲ್ಲಿಯೂ ಹೋಗಿಲ್ಲ. ಅದು ಬೋಲ್ಟೆಂಬ ಹೆಸರನ್ನು ತಳೆದು, ಒಂದಿದ್ದದ್ದು ಹತ್ತಾಗಿ, ಗಾಡಿಯ ಕೆಳಗೆ ಕಣ್ಣಿಗೆ ಬೀಳದ ಹಾಗೆ ಕುಳಿತಿದೆ. ಕಣ್ಣಿಗೆ ಬೀಳದ ವಸ್ತುವಿನ ವಿಷಯದಲ್ಲಿ ನಾವು ಉದಾಸೀನರಾಗುವದು ಸಹಜ. ಈ ಉದಾಸೀನವು ಎಷ್ಟು ಅಪಾಯಕರವೆಂಬದೇ ಈ ತಿಂಗಳ ವಿಷಯ.

ಅಣ್ಣಿಗೇರಿಯ ಕಡೆಯ ಓದುಗರೊಬ್ಬರು ನಮಗೆ ಬರೆದ ಪತ್ರದ ಸಾರಾಂಶವು ಹೀಗಿದೆ: ಅವರ ತಂದೆಯವರು ಕೊಂಡ ಸ್ಟ್ಯಾಂಡರ್ಡ ಹೆರಾಲ್ಡ ಮೋಟಾರು ಬಹಳ ವರ್ಷ ಕೊಟ್ಟಿಗೆಯಲ್ಲಿಯೇ ನಿಂತಿದ್ದಿತು. ಅದನ್ನು ಈಗ ದುರಸ್ತಿಗೆ ತೆಗೆದಿದ್ದಾರೆ. ಬರುವ ತಿಂಗಳು ಕುಂದಗೋಳದಲ್ಲಿ ಮಗಳ ಮದುವೆ; ಅಜ್ಜನ ಗಾಡಿಯಲ್ಲಿಯೇ ಮದುಮಕ್ಕಳನ್ನು ಕೂಡ್ರಿಸಿ ಮನೆಗೆ ಕರೆತರಬೇಕೆಂಬದು ಎಲ್ಲರ ಆಶೆ. ಎಲ್ಲ ಕೆಲಸವೂ ಮುಗಿಯುತ್ತ ಬಂದಾಗ, ಮುಂದಿನ ಗಾಲಿಗಳ ಬುಡದಲ್ಲಿಯ ಎರಡು ಬೋಲ್ಟುಗಳು ಸವೆದಿರುವದು ಕಂಡುಬಂದಿತು. ಪೇಟೆಯಲ್ಲಿ ಹತ್ತು ಮಿಲಿಮೀಟರಿನ ಬೋಲ್ಟು ತಂದರೆ ತೂತಿನಲ್ಲಿ ಅಲುಗಾಡುತ್ತದೆ. ಹನ್ನೆರಡರದು ಒಳಗೆ ಹೋಗುವದೇ ಇಲ್ಲ. "ತೂತನ್ನು ಸ್ವಲ್ಪ ಕೊರೆಸಿ ಹನ್ನೆರಡರದನ್ನೇ ಹಾಕಿದರೆ ನಡೆದೀತೇ? ದಪ್ಪಗಿದ್ದರೆ ಗಟ್ಟಿಯೇ ಅಲ್ಲವೇ?" ಎಂದು ಅವರು ಕೇಳುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುವೆವು: ನಡೆಯದು. ಆದರೆ ಕಾರಣವನ್ನು ತಿಳಿಯದೆ ಒಪ್ಪಿಕೊಂಡ ಉತ್ತರವು ಬಹಳ ದಿನ ಬಾಳುವದಿಲ್ಲ. ಆದಕಾರಣ ವಿಷಯವನ್ನು ಬುಡದಿಂದಲೇ ನೋಡೋಣ.

ಹೆರಾಲ್ಡ ಗಾಡಿಯು ಇಂಗ್ಲಂಡದ ಸ್ಟ್ಯಾಂಡರ್ಡ-ಟ್ರಯಂಫ ಕಂಪನಿಯ ನಿರ್ಮಾಣ. ಇಟಲಿಯ ಮಿಕೆಲೊತ್ತಿ ಎಂಬ ಕುಶಲನು ರೂಪಿಸಿದ ಈ ಗಾಡಿಯು ೧೯೫೯ರಲ್ಲಿ ಅಲ್ಲಿಯ ಪೇಟೆಗೆ ಬಂದಿತು. ನಮ್ಮ ದೇಶದಲ್ಲಿ ಅದನ್ನು ಮದರಾಸಿನ ಸ್ಟ್ಯಾಂಡರ್ಡ ಮೋಟಾರ ಪ್ರಾಡಕ್ಟ್ಸ ಕಂಪನಿಯವರು ೧೯೬೧ರಿಂದ ೧೯೭೧ರ ವರೆಗೆ ತಯಾರಿಸಿದರು. ಆ ಕಾರಖಾನೆಯು ಇಂದು ಇಲ್ಲ. ಇದೇ ಹೆರಾಲ್ಡದ ಚೌಕಟ್ಟನ್ನು ಗಿಡ್ಡ ಮಾಡಿ, ಅದರ ಮುಂಗಾಲಿಗಳ ಏರ್ಪಾಡನ್ನೇ ಇಟ್ಟುಕೊಂಡು, ೧೯೬೨ರಲ್ಲಿ ಟ್ರಯಂಫದವರು ಸ್ಪಿಟ್‌ಫಾಯರ ಎಂಬ ಎರಡಾಸನದ ವೇಗದ ಗಾಡಿಯನ್ನು ಹೊರತಂದರು. ಲೋಟಸ ಕಂಪನಿಯ ಹೆಸರಾಂತ ಎಲಾನ ಗಾಡಿಯ ಮುಂಗಾಲಿಗಳ ಕಂಬಗಳೂ ಈ ಮನೆತನದವೇ. ಹೀಗಾಗಿ ನಮ್ಮ ಓದುಗರ ಕೊಟ್ಟಿಗೆಯಲ್ಲಿಯ ಸಾಧು ಗಾಡಿಯು ಶ್ರೀಮಂತರ ಓಟದ ಗಾಡಿಗಳ ದಾಯಾದಿಯೇ ಸರಿ. ಇದರಲ್ಲಿ ಒಂದು ಲಾಭವೂ ಉಂಟು. ಸ್ಪಿಟ್‌ಫಾಯರ ಗಾಡಿಗಳ ಅಭಿಮಾನಿಗಳು ಇಂಗ್ಲಂಡದಲ್ಲಿ ಹೇರಳವಾಗಿರುವದರಿಂದ, ಈ ಜೋಡಣೆಯ ಬಿಡಿಭಾಗಗಳನ್ನು ಮಾರುವ ಅಂಗಡಿಗಳು ಅಲ್ಲಿ ಇಂದಿಗೂ ನಡೆದಿವೆ.

ಇನ್ನು, ಸಸ್ಪೆನ್ಶನ್ನು ಎಂದರೇನು? ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡದ ಮನೆಯು ನಮ್ಮ ಸೀಮೆಯಲ್ಲಿ ವಿರಳ. ಕೂಸು ಮಲಗುವದು ಚಿತ್ರ ಬರೆದ ಹಲಗೆಗಳ ನಡುವೆ. ಆದರೆ ಕೂಸಿನ ಪ್ರಾಣವು ನಿಂತಿರುವದು ಮೇಲಿನ ಸರಪಳಿಯ ಕೊಂಡಿಯಲ್ಲಿ. ಜಾಣೆಯಾದ ಅಜ್ಜಿಯು ತೊಟ್ಟಿಲಿನ ಬಣ್ಣವನ್ನು ಹೊಗಳುವ ಮೊದಲು ಕೊಂಡಿಯನ್ನು ಜಗ್ಗಿ ನೋಡುವಳು. ಮೋಟಾರಿನ ಮೈಯೂ ಹೀಗೆಯೇ ಗಾಲಿಗಳ ಮೇಲೆ ತೂಗಿಕೊಂಡಿದೆ. ಹೆರಾಲ್ಡದ ಮುಂದಿನ ಪ್ರತಿಯೊಂದು ಗಾಲಿಯನ್ನು ಮೇಲೊಂದು, ಕೆಳಗೊಂದು ಕವಲುತೋಳು ಹಿಡಿದುಕೊಂಡಿರುವದು. ಈ ತೋಳುಗಳ ನಡುವೆ ಒಂದು ನಿಲುವುಗಂಬವಿದ್ದು, ಅದರ ಬುಡವು ಟ್ರನಿಯನ್ನು ಎಂಬ ಕಂಚಿನ ಗಟ್ಟಿಯಲ್ಲಿ ತಿರುಪಿನಂತೆ ಕೂತಿರುವದು. ಆ ಕಂಚಿನ ಗಟ್ಟಿಯನ್ನು ಕೆಳತೋಳಿಗೆ ಸೇರಿಸುವದು ಒಂದೇ ಒಂದು ಅಡ್ಡ ಬೋಲ್ಟು. ಹಿಂಬದಿಯಲ್ಲಿ ಒಂದೇ ಅಡ್ಡ ಕಮಾನುಪಟ್ಟಿಯ ಎರಡು ತುದಿಗಳೂ ಇಂಥವೇ ಬೋಲ್ಟುಗಳಿಂದ ಗಾಲಿಗಳಿಗೆ ಕೂಡಿರುವವು.

ಸುಮ್ಮನೆ ನಿಂತ ಗಾಡಿಯಲ್ಲಿ ಈ ಬೋಲ್ಟುಗಳಿಗೆ ದೊಡ್ಡ ಶ್ರಮವೇನೂ ಇಲ್ಲ. ಶ್ರಮವಿರುವದು ದಾರಿಯಲ್ಲಿ. ಹುಬ್ಬಳ್ಳಿ-ಗದಗ ಹೆದ್ದಾರಿಯು ನುಣ್ಣಗಿದ್ದೀತು. ಆದರೆ ಅದನ್ನು ಬಿಟ್ಟು ಹೊಲದ ದಾರಿಗೆ ಇಳಿದೊಡನೆ ಎರೆಯ ಗುಣವು ತಿಳಿಯುವದು. ಮಳೆಗಾಲದಲ್ಲಿ ಗಾಲಿಯನ್ನು ಹಿಡಿದುಕೊಳ್ಳುವ ಕೆಸರು ಬೇಸಗೆಯಲ್ಲಿ ಒಣಗಿ, ಕಲ್ಲಿನಂತಹ ಗಾಲಿಜಾಡಾಗಿ ನಿಲ್ಲುವದು. ಅದರ ಮೇಲೆ ಹೋಗುವಾಗ ಬೋಲ್ಟು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಬ್ರೇಕು ಒತ್ತಿದಾಗ ಹಿಂದಕ್ಕೆ, ಹೀಗೆ ಮೈಲಿಗೆ ಸಾವಿರಾರು ಸಲ ಜಗ್ಗಲ್ಪಡುವದು. ತಂತಿಯ ತುಂಡೊಂದನ್ನು ಒಂದು ಸಲ ಬಾಗಿಸಿದರೆ ಮುರಿಯದು. ಅತ್ತಿತ್ತ ಇಪ್ಪತ್ತು ಸಲ ಬಾಗಿಸಿದರೆ ಕೈಯಲ್ಲಿಯೇ ಎರಡಾಗುವದು. ಉಕ್ಕಿಗೂ ಹೀಗೆ ದಣಿವು ಉಂಟು. ದಣಿದ ಬೋಲ್ಟು ಮುನ್ಸೂಚನೆ ಕೊಟ್ಟು ಮುರಿಯುವದಿಲ್ಲ.

ಆದಕಾರಣ ಹೊಸ ಬೋಲ್ಟನ್ನು ಆರಿಸುವಾಗ ನಾಲ್ಕು ಸಂಗತಿಗಳನ್ನು ನೋಡತಕ್ಕದ್ದು: ತಿರುಪು, ನುಣುಪು ಮೈ, ಉಕ್ಕಿನ ಬಲ, ಮತ್ತು ನಟ್ಟು.

ಮೊದಲನೆಯದು ತಿರುಪು, ಗ್ಯಾರೇಜಿನವರು ಇದನ್ನು ಥ್ರೆಡ್ಡು ಎನ್ನುವರು. ಎಲ್ಲ ಬೋಲ್ಟುಗಳ ತಿರುಪುಗಳೂ ಒಂದೇ ಎಂದು ತಿಳಿಯುವದೇ ಬಹು ಜನರ ತಪ್ಪು. ೧೮೪೧ರಲ್ಲಿ ಇಂಗ್ಲಂಡದ ಜೋಸೆಫ ವ್ಹಿಟ್‌ವರ್ಥನು ಮೊಟ್ಟಮೊದಲು ತಿರುಪುಗಳಿಗೆ ಒಂದು ನಿಯಮವನ್ನು ಹಾಕಿಕೊಟ್ಟನು. ಅವನ ತಿರುಪಿನ ಹಲ್ಲುಗಳ ನಡುವಣ ಕೋನವು ೫೫ ಅಂಶ. ೧೮೬೪ರಲ್ಲಿ ಅಮೇರಿಕದ ವಿಲಿಯಂ ಸೆಲರ್ಸನು ೬೦ ಅಂಶದ ಬೇರೊಂದು ಪದ್ಧತಿಯನ್ನು ಮುಂದಿಟ್ಟನು. ಎರಡನೆಯ ಮಹಾಯುದ್ಧದಲ್ಲಿ ಒಬ್ಬರ ನಟ್ಟು ಮತ್ತೊಬ್ಬರ ಬೋಲ್ಟಿಗೆ ಕೂಡದೆ ಮಿತ್ರರಾಷ್ಟ್ರಗಳು ಬಹಳ ಕಷ್ಟಪಟ್ಟವು. ಅದರ ಫಲವಾಗಿ ೧೯೪೮ರ ನವಂಬರದಲ್ಲಿ ಅಮೇರಿಕ, ಬ್ರಿಟನ್, ಕೆನಡಾ ಈ ಮೂರು ದೇಶಗಳು ಏಕೀಕೃತ ತಿರುಪೆಂಬ ಒಂದು ಪದ್ಧತಿಯನ್ನು ಒಪ್ಪಿಕೊಂಡವು. ಇದರಲ್ಲಿ ದಪ್ಪ ತಿರುಪಿಗೆ ಯು.ಎನ್.ಸಿ. ಎಂದೂ ಸಣ್ಣ ತಿರುಪಿಗೆ ಯು.ಎನ್.ಎಫ್. ಎಂದೂ ಹೆಸರು. ಹೆರಾಲ್ಡ, ಸ್ಪಿಟ್‌ಫಾಯರಗಳ ಬೋಲ್ಟುಗಳು ಬಹುತರ ಯು.ಎನ್.ಎಫ್. ತಿರುಪಿನವು. ಇತ್ತ ನಮ್ಮ ದೇಶವು ೧೯೫೬ರ ಕಾಯಿದೆಯಿಂದ ಮೆಟ್ರಿಕ್ ಮಾಪನವನ್ನು ಸ್ವೀಕರಿಸಿತು. ಇದರಿಂದ ಇಂದಿನ ಪೇಟೆಯಲ್ಲಿ ಮಿಲಿಮೀಟರಿನ ಬೋಲ್ಟುಗಳೇ ತುಂಬಿವೆ. ಗಾಡಿ ಇಂಚಿನದು, ಅಂಗಡಿ ಮಿಲಿಮೀಟರಿನದು. ತೊಡಕಿನ ಮೂಲವು ಇದೇ.

ನಮ್ಮ ಓದುಗರು ಅಳೆದ ಬೋಲ್ಟು ೧೧.೧ ಮಿಲಿಮೀಟರು, ಎಂದರೆ ೭/೧೬ ಇಂಚು. ಈ ಅಳತೆಗೆ ಸರಿಯಾದ ಮಿಲಿಮೀಟರಿನ ಬೋಲ್ಟು ಅಂಗಡಿಯಲ್ಲಿ ಸಿಕ್ಕುವದಿಲ್ಲ. ಹತ್ತರದನ್ನು ಹಾಕಿದರೆ ಒಂದು ಮಿಲಿಮೀಟರಿಗಿಂತ ಹೆಚ್ಚಿನ ಸಡಿಲು ಉಳಿಯುವದು. ಪ್ರತಿಯೊಂದು ತಗ್ಗಿನಲ್ಲಿಯೂ ಅದು ಸುತ್ತಿಗೆಯಂತೆ ಬಡಿದು, ದುಂಡಾದ ತೂತನ್ನು ಮೊಟ್ಟೆಯ ಆಕಾರಕ್ಕೆ ತರುವದು. ಹನ್ನೆರಡರದಕ್ಕಾಗಿ ಕೊರೆದರೆ ಕವಲುತೋಳಿನ ತುದಿಯಲ್ಲಿಯ ಲೋಹವು ಅಷ್ಟರ ಮಟ್ಟಿಗೆ ಕಡಿಮೆಯಾಗುವದು. ಒಳಗಿನ ಉಕ್ಕಿನ ಕೊಳವೆಯನ್ನೂ ಕೊರೆಯಬೇಕಾಗುವದು. ಬೋಲ್ಟನ್ನು ಗಟ್ಟಿ ಮಾಡಹೋಗಿ ಅದನ್ನು ಹಿಡಿದ ತೋಳನ್ನೇ ನಿಶ್ಶಕ್ತ ಮಾಡಿದಂತಾಯಿತು. ಅಲ್ಲದೆ ಒಮ್ಮೆ ಕೊರೆದ ತೂತು ಮತ್ತೆ ಕೂಡಿಕೊಳ್ಳದು. ಮುಂದೆ ಸರಿಯಾದ ಬೋಲ್ಟು ಬಂದರೂ ಅದಕ್ಕೆ ಮನೆಯಿಲ್ಲ.

ಸಣ್ಣ ಬೋಲ್ಟುಗಳಲ್ಲಿ ಮೋಸವು ಇನ್ನೂ ಸೂಕ್ಷ್ಮ. ೫/೧೬ ಇಂಚು ಎಂದರೆ ೭.೯೪ ಮಿಲಿಮೀಟರು, ಎಂಟರ ಬೋಲ್ಟಿಗೂ ಅದಕ್ಕೂ ಕಣ್ಣಿಗೆ ಭೇದವೇ ಕಾಣದು. ಆದರೆ ಯು.ಎನ್.ಎಫ್. ಬೋಲ್ಟಿನಲ್ಲಿ ಇಂಚಿಗೆ ೨೪ ಸುತ್ತುಗಳು. ಸಾಮಾನ್ಯವಾದ ಎಂಟರದರಲ್ಲಿ ಸುಮಾರು ೨೦. ಅರ್ಧ ಇಂಚಿನ ವ್ಹಿಟ್‌ವರ್ಥ ತಿರುಪಿನಲ್ಲಿ ಇಂಚಿಗೆ ೧೨ ಸುತ್ತುಗಳು, ಅದೇ ಗಾತ್ರದ ಯು.ಎನ್.ಸಿ. ತಿರುಪಿನಲ್ಲಿ ೧೩. ಇಂಥ ಬೇರೆ ಬೇರೆ ಜಾತಿಯ ನಟ್ಟು-ಬೋಲ್ಟುಗಳು ಒಂದೆರಡು ಸುತ್ತು ಕೂಡಿ, ಆಮೇಲೆ ಬಿಗಿಯಾಗುವವು. ಬಿಗಿಯಾಯಿತೆಂದು ಪಾನಾ ಹಚ್ಚಿ ಒತ್ತಿದರೆ ಹಲ್ಲುಗಳು ಒಳಗೊಳಗೇ ಹರಿದುಹೋಗುವವು. ಪರೀಕ್ಷೆಯು ಸುಲಭವಾಗಿದೆ: ಶುಚಿ ಮಾಡಿದ ನಟ್ಟು ಶುಚಿಯಾದ ಬೋಲ್ಟಿನ ಮೇಲೆ ಬೆರಳುಗಳಿಂದಲೇ ಕೊನೆಯ ವರೆಗೆ ಓಡಬೇಕು, ಓಡಿದ ಮೇಲೆ ಅಕ್ಕಪಕ್ಕಕ್ಕೆ ಅಲುಗಾಡಬಾರದು. ಥ್ರೆಡ್ಡು ಗೇಜು ಎಂಬ ಹಲ್ಲುಹಲ್ಲಾದ ತಗಡುಗಳ ಗೊಂಚಲು ಅಲ್ಪ ಬೆಲೆಗೆ ಸಿಕ್ಕುವದು. ಹಳೆಯ ಗಾಡಿಯುಳ್ಳ ಮನೆಯಲ್ಲಿ ಅದೊಂದು ಇರಲೇಬೇಕು.

ಎರಡನೆಯದು ನುಣುಪು ಮೈ. ಸಸ್ಪೆನ್ಶನ್ನಿನ ಬೋಲ್ಟಿಗೆ ತಲೆಯಿಂದ ಬಹು ದೂರದ ವರೆಗೆ ತಿರುಪಿಲ್ಲದ ನುಣುಪು ಭಾಗವಿರುವದು. ತಿರುಪು ತುದಿಗೆ ಮಾತ್ರ. ತೋಳಿನ ಎರಡೂ ಕವಲುಗಳು ಈ ನುಣುಪು ಭಾಗದ ಮೇಲೆಯೇ ಕೂಡ್ರಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವವು ತಲೆಯ ವರೆಗೂ ತಿರುಪುಳ್ಳ ಬೋಲ್ಟುಗಳು. ತಿರುಪಿನ ತಗ್ಗಿನಲ್ಲಿ ಲೋಹವು ಸಣ್ಣದು. ಪ್ರತಿ ತಗ್ಗೂ ಒಂದು ಕಚ್ಚಿನಂತೆ. ಕಬ್ಬನ್ನು ಮುರಿಯುವವನು ಮೊದಲು ಕುಡುಗೋಲಿನಿಂದ ಕಚ್ಚು ಮಾಡುವನಷ್ಟೆ? ಕಚ್ಚಿದ್ದಲ್ಲಿಯೇ ಮುರಿತವು ಹುಟ್ಟುವದು. ಅಲ್ಲದೆ ತಿರುಪಿನ ಚೂಪಾದ ಹಲ್ಲುಗಳು ತೂತಿನ ಅಂಚನ್ನು ಅರದಂತೆ ತೇಯುವವು. ಆದುದರಿಂದ ಹಳೆಯ ಬೋಲ್ಟಿನ ಒಟ್ಟು ಉದ್ದವನ್ನು ಮಾತ್ರವಲ್ಲ, ನುಣುಪು ಭಾಗದ ಉದ್ದವನ್ನೂ ಅಳೆದುಕೊಂಡು ಹೋಗಬೇಕು. ನುಣುಪು ಭಾಗವು ಬೇಕಾದದ್ದಕ್ಕಿಂತ ಹೆಚ್ಚಾಗಿದ್ದರೂ ಕೆಡುಕೇ. ನಟ್ಟು ತಿರುಪಿನ ಕೊನೆಗೆ ಬಂದು ನಿಂತು, ಬಿಗಿಯಾದಂತೆ ತೋರಿದರೂ ತೋಳನ್ನು ಅಮುಕಿ ಹಿಡಿಯದೆ ಇರುವದು.

ಮೂರನೆಯದು ಉಕ್ಕಿನ ಬಲ. ಇದು ಕಣ್ಣಿಗೆ ಕಾಣುವಂಥದಲ್ಲವಾದರೂ ಬೋಲ್ಟಿನ ತಲೆಯ ಮೇಲೆ ಬರೆದಿರುವದು. ಮಿಲಿಮೀಟರಿನ ಬೋಲ್ಟಿನ ತಲೆಯ ಮೇಲೆ ೪.೬, ೮.೮, ೧೦.೯ ಎಂಬ ಅಂಕೆಗಳಿರುವವು. ಮೊದಲಿನ ಅಂಕೆಯನ್ನು ನೂರರಿಂದ ಗುಣಿಸಿದರೆ, ಒಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಜಗ್ಗಿದರೆ ಹರಿಯುವದೆಂಬದು ತಿಳಿಯುವದು. ಹತ್ತು ನ್ಯೂಟನ್ನೆಂದರೆ ಸುಮಾರು ಒಂದು ಕಿಲೋಗ್ರಾಮಿನ ಭಾರ. ಚುಕ್ಕೆಯ ಮುಂದಿನ ಅಂಕೆಯು, ಆ ಬಲದ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗುವದೆಂಬದನ್ನು ಹೇಳುವದು. ಹತ್ತರ ಬೋಲ್ಟಿನ ಬಲ ಹೊರುವ ಅಡ್ಡಕೊಯ್ತವು ಸುಮಾರು ೫೮ ಚದರ ಮಿಲಿಮೀಟರು. ಅದು ೪.೬ರದಾದರೆ ಸುಮಾರು ೨,೩೬೦ ಕಿಲೋಗ್ರಾಮಿಗೆ ಹರಿಯುವದು, ೮.೮ರದಾದರೆ ಸುಮಾರು ೪,೭೩೦ಕ್ಕೆ. ನೋಡಲು ಒಂದೇ ತೆರನಾದ ಎರಡು ಬೋಲ್ಟುಗಳಲ್ಲಿ ಬಲವು ಎರಡು ಪಟ್ಟು! ಇಂಚಿನ ಬೋಲ್ಟುಗಳಲ್ಲಿ ಅಂಕೆಗಳಿಗೆ ಬದಲಾಗಿ ಗೆರೆಗಳಿರುವವು: ತಲೆಯ ಮೇಲೆ ಮೂರು ಗೆರೆಗಳಿದ್ದರೆ ಅದು ಐದನೆಯ ದರ್ಜೆಯದು, ಹೆಚ್ಚುಕಡಿಮೆ ೮.೮ಕ್ಕೆ ಸಮ, ಆರು ಗೆರೆಗಳಿದ್ದರೆ ಎಂಟನೆಯ ದರ್ಜೆಯದು, ಹೆಚ್ಚುಕಡಿಮೆ ೧೦.೯ಕ್ಕೆ ಸಮ. ಗುರುತೇ ಇಲ್ಲದ ಬೋಲ್ಟು ಗೇಟಿಗೂ ತಗಡಿನ ಚಪ್ಪರಕ್ಕೂ ಯೋಗ್ಯ. ಗಾಲಿಯ ಬುಡಕ್ಕೆ ಅದನ್ನು ಸೇರಿಸಬಾರದು.

ಹಾಗಾದರೆ ಎಲ್ಲಕ್ಕಿಂತ ಹೆಚ್ಚಿನ ದರ್ಜೆಯ ೧೨.೯ನ್ನೇ ತರೋಣವೆಂದು ಕೆಲವರು ಹವಣಿಸುವರು. ಇದೂ ವಿವೇಕವಲ್ಲ. ಅತಿ ಗಡಸಾದ ಉಕ್ಕಿಗೆ ವಿದ್ಯುತ್ತಿನಿಂದ ಜಸ್ತದ ಲೇಪ ಕೊಡುವಾಗ ಜಲಜನಕವು ಒಳಸೇರುವ ಭಯವುಂಟು. ಲೇಪದ ತರುವಾಯ ಅದನ್ನು ಹಲವು ತಾಸು ಕಾಸಿ ಜಲಜನಕವನ್ನು ಹೊರಗೆಡಹದಿದ್ದರೆ, ಬಿಗಿದಿಟ್ಟ ಬೋಲ್ಟು ಕೆಲವು ತಾಸು ಅಥವಾ ಕೆಲವು ದಿನಗಳ ಮೇಲೆ ತಾನಾಗಿಯೇ ಮುರಿಯಬಹುದು. ಗಾಡಿಯನ್ನು ರೂಪಿಸಿದವರು ಯಾವ ದರ್ಜೆಯನ್ನು ಗೊತ್ತುಪಡಿಸಿರುವರೋ ಅದೇ ಸರಿ. ಇನ್ನು ಬೆಳ್ಳಿಯಂತೆ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು. ಅದಕ್ಕೆ ಜಂಗು ಹಿಡಿಯದೆಂಬದು ನಿಜ. ಆದರೆ ಪೇಟೆಯ ಸಾಮಾನ್ಯ ಎ೨-೭೦ ದರ್ಜೆಯದು ೪೫೦ ನ್ಯೂಟನ್ನಿಗೇ ಹಿಗ್ಗತೊಡಗುವದು, ೮.೮ರದು ೬೪೦ರ ವರೆಗೆ ತಡೆಯುವದು. ಅಲ್ಲದೆ ಸ್ಟೇನ್‌ಲೆಸ್ ನಟ್ಟು-ಬೋಲ್ಟುಗಳು ಬಿಗಿಯುವಾಗ ಒಂದನ್ನೊಂದು ಕಚ್ಚಿಕೊಂಡು ನಡುವೆಯೇ ನಿಂತುಬಿಡುವವು. ಹೊಳಪು ಪೂಜೆಯ ಪಾತ್ರೆಗೆ ಭೂಷಣ. ಬೋಲ್ಟಿಗೆ ಬಲವೇ ಭೂಷಣ.

ಲೇಥಿನ ಮೇಲೆ ಬೋಲ್ಟನ್ನು ಮಾಡಿಸಿಕೊಳ್ಳಬಹುದಲ್ಲವೇ ಎಂದು ಕೆಲವರು ಕೇಳಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಔದ್ಯೋಗಿಕ ವಸಾಹತಿನಲ್ಲಿ ಕುಶಲರಾದ ಕೆಲಸಗಾರರಿಗೆ ಕೊರತೆಯಿಲ್ಲ. ಆದರೆ ಕೈಯ ಕುಶಲತೆಯೊಂದೇ ಸಾಲದು. ಸಾಮಾನ್ಯ ಸಲಾಕೆಯಿಂದ ತಿದ್ದಿದ ಬೋಲ್ಟು ಅಳತೆಯಲ್ಲಿ ಕೂದಲೆಳೆಯಷ್ಟು ಸರಿಯಾಗಿದ್ದರೂ ಬಲದಲ್ಲಿ ಸಾಮಾನ್ಯವಾದದ್ದೇ. ಕಾರಖಾನೆಯಲ್ಲಿ ಒಳ್ಳೆಯ ಬೋಲ್ಟಿನ ತಿರುಪನ್ನು ಕೊರೆಯದೆ ಒತ್ತಿ ಹೊರಳಿಸಿ ಮೂಡಿಸುವರು. ಅದರಿಂದ ತಿರುಪಿನ ತಗ್ಗು ಗಟ್ಟಿಯಾಗಿ ದಣಿವನ್ನು ತಡೆಯುವದು. ಕೊರೆದ ತಿರುಪಿಗೆ ಈ ಗುಣವಿಲ್ಲ. ಲೇಥಿನವರಿಂದ ಬುಶ್ಶು, ವಾಶರುಗಳನ್ನು ಮಾಡಿಸಿರಿ. ಗಾಲಿಯನ್ನು ಹಿಡಿಯುವ ಬೋಲ್ಟನ್ನು ಮಾಡಿಸಬೇಡಿರಿ.

ನಾಲ್ಕನೆಯದು ನಟ್ಟು. ಬೋಲ್ಟು ಒಂದು ದರ್ಜೆಯದು, ನಟ್ಟು ಮತ್ತೊಂದು ದರ್ಜೆಯದು ಆಗಕೂಡದು. ಬೋಲ್ಟಿನ ಬಲವು ನಟ್ಟಿನ ಹಲ್ಲುಗಳಲ್ಲಿ ಸೋರಿಹೋಗುವದು. ಒಳಗೆ ನಾಯಲಾನಿನ ಬಳೆಯುಳ್ಳ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಬಾರದು. ಬಳೆಯ ಹಿಡಿತವೇ ಅದರ ಜೀವ. ಅದು ಸಡಿಲಾದ ನಟ್ಟು ದಾರಿಯ ಅದರಾಟಕ್ಕೆ ತಾನಾಗಿ ತಿರುಗಿ ಬರುವದು. ಕಿರೀಟದಂತೆ ಕಚ್ಚುಗಳುಳ್ಳ ನಟ್ಟಿಗೆ ಸೀಳುಪಿನ್ನು ಇರುವದು. ಈ ಪಿನ್ನನ್ನೂ ಪ್ರತಿಸಲ ಹೊಸದನ್ನೇ ಹಾಕಬೇಕು. ಅದರ ಬದಲಿಗೆ ಮೊಳೆಯನ್ನೋ ತಂತಿಯನ್ನೋ ತೂರಿಸುವದು ಸಲ್ಲದು. ಬಿಗಿದ ಮೇಲೆ ನಟ್ಟಿನ ಹೊರಗೆ ಎರಡು ಮೂರು ಸುತ್ತಿನ ತಿರುಪಾದರೂ ಕಾಣಬೇಕು.

ಬೋಲ್ಟು ಸರಿಯಾಗಿದ್ದರೂ ಹಾಕುವ ರೀತಿಯು ತಪ್ಪಿದರೆ ಫಲವಿಲ್ಲ. ಹುಲ್ಲಿನ ಹೊರೆಗೆ ಹಗ್ಗವನ್ನು ಬಿಗಿದು ಕಟ್ಟಿದರೆ ಹೊರೆ ಜರುಗದು. ಸಡಿಲು ಕಟ್ಟಿದರೆ ಹಗ್ಗವು ಎಷ್ಟೇ ದಪ್ಪವಿದ್ದರೂ ಹೊರೆ ಜಾರಿ, ಹಗ್ಗವನ್ನೇ ತೇಯ್ದು ಹಾಕುವದು. ಬೋಲ್ಟಿನ ಕೆಲಸವೂ ಹೀಗೆಯೇ: ತಾನು ತುಸು ಹಿಗ್ಗಿ ನಿಂತು, ಎರಡೂ ಭಾಗಗಳನ್ನು ಅಲುಗದಂತೆ ಅಮುಕಿ ಹಿಡಿಯುವದು. ಎಷ್ಟು ಬಿಗಿಯಬೇಕೆಂಬದು ಗಾಡಿಯ ಕೈಪಿಡಿಯಲ್ಲಿ ಬರೆದಿರುವದು. ಅದನ್ನು ತೋಳಿನ ಅಂದಾಜಿನಿಂದಲ್ಲ, ಟಾರ್ಕ ಪಾನಾದಿಂದ ಸಾಧಿಸಬೇಕು. ರಬ್ಬರ ಬುಶ್ಶಿನ ಮೂಲಕ ಹಾಯುವ ಬೋಲ್ಟುಗಳ ವಿಷಯದಲ್ಲಿ ಇನ್ನೊಂದು ನಿಯಮವಿದೆ. ಗಾಡಿಯನ್ನು ಜಾಕಿನ ಮೇಲೆ ಎತ್ತಿ ಗಾಲಿಯು ಜೋತುಬಿದ್ದಿರುವಾಗ ಅವುಗಳನ್ನು ಪೂರ್ತಿ ಬಿಗಿಯಬಾರದು. ಮೊದಲು ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕೆ ಇಳಿಸಿ, ಭಾರವು ಗಾಲಿಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿ. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುವದು. ನೂರು ಮೈಲು ಓಡಿದ ಮೇಲೆ ಎಲ್ಲ ಬಿಗಿಗಳನ್ನೂ ಮತ್ತೊಮ್ಮೆ ನೋಡತಕ್ಕದ್ದು.

ಹೆರಾಲ್ಡ ಗಾಡಿಯವರು ಟ್ರನಿಯನ್ನಿನ ವಿಷಯವಾಗಿ ವಿಶೇಷ ಎಚ್ಚರದಿಂದಿರಬೇಕು. ಬಹು ವರ್ಷ ನಿಂತ ಗಾಡಿಯಲ್ಲಿ ಅದರ ಅಡ್ಡ ಬೋಲ್ಟು ತನ್ನ ಉಕ್ಕಿನ ಕೊಳವೆಯೊಳಗೆ ಜಂಗುಹಿಡಿದು ಒಂದಾಗಿಬಿಟ್ಟಿರುವದು. ಸುತ್ತಿಗೆಯಿಂದ ಹೊಡೆದರೆ ತಿರುಪಿನ ತುದಿ ಅಣಬೆಯಂತೆ ಹರಡಿ, ಕವಲುತೋಳೂ ಬಾಗುವದು. ಜಂಗು ಬಿಡಿಸುವ ಎಣ್ಣೆಯನ್ನು ದಿನಕ್ಕೊಮ್ಮೆ ಬಿಡುತ್ತ ಕೆಲವು ದಿನ ತಾಳಿಕೊಳ್ಳಬೇಕು. ಆದರೂ ಬಾರದಿದ್ದರೆ ಎರಡೂ ಕಡೆಗೆ ಗರಗಸದಿಂದ ಕತ್ತರಿಸಿ ತೆಗೆದು, ಕೊಳವೆ ಬುಶ್ಶುಗಳನ್ನೂ ಹೊಸದಾಗಿ ಹಾಕುವದು ಲೇಸು. ಅದನ್ನು ಬಿಚ್ಚಿದಾಗ ನಿಲುವುಗಂಬದ ಬುಡದ ತಿರುಪನ್ನೂ ತೊಳೆದು ನೋಡಿರಿ. ಅಲ್ಲಿ ಗ್ರೀಸಲ್ಲ, ಗೇರಿನ ದಪ್ಪ ಎಣ್ಣೆ ಬೇಕು. ಎಣ್ಣೆಯಿಲ್ಲದೆ ಜಂಗುಹಿಡಿದ ಕಂಬವು ಮುರಿದು ಮುಂಗಾಲಿ ಮಡಚಿಕೊಂಡು ಬೀಳುವದು ಈ ಜಾತಿಯ ಗಾಡಿಗಳಲ್ಲಿ ಹೆಸರಾದ ಕೇಡು. ಬೋಲ್ಟನ್ನು ಹೊಸದು ಹಾಕಿ ಕಂಬವನ್ನು ನೋಡದಿರುವದೆಂದರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ.

ಇನ್ನು ನಮ್ಮ ಓದುಗರ ಮದುವೆಯ ಮಾತು. ಸರಿಯಾದ ೭/೧೬ ಇಂಚಿನ ಯು.ಎನ್.ಎಫ್. ಬೋಲ್ಟು ಇಂಗ್ಲಂಡದಿಂದ ಬರಲು ವಾರಗಳು ಹಿಡಿಯಬಹುದು; ಮುಹೂರ್ತವು ಬೋಲ್ಟಿಗಾಗಿ ಕಾಯುವದಿಲ್ಲ. ಬೋಲ್ಟು ಆ ದಿನಕ್ಕೆ ಬಾರದಿದ್ದರೆ ಗಾಡಿಯನ್ನು ಮನೆಯ ಮುಂದೆ ತೊಳೆದು, ಮಾವಿನ ತೋರಣ ಕಟ್ಟಿ ನಿಲ್ಲಿಸಿರಿ. ಮದುಮಕ್ಕಳು ಬೇರೆ ವಾಹನದಲ್ಲಿ ಬಂದು, ಅಜ್ಜನ ಗಾಡಿಗೆ ಕಾಯಿ ಒಡೆದು ಒಳಗೆ ಹೋಗಲಿ. ಅದರಿಂದ ಹಿರಿಯರ ನೆನಪಿಗೆ ಯಾವ ಕುಂದೂ ಬಾರದು. ಒಂದು ದಿನದ ಮೆರವಣಿಗೆಗಾಗಿ ಕವಲುತೋಳನ್ನು ಕೊರೆಸಿದರೆ, ಗಾಡಿಯೂ ಕೆಟ್ಟಿತು, ಅದರಲ್ಲಿ ಕುಳಿತವರ ಪ್ರಾಣವೂ ಪಣಕ್ಕೆ ಬಿದ್ದಿತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ಇಲ್ಲಿ ಪ್ರಾಣಕ್ಕೂ ಹೇಳಬಹುದು. ದಾರಿಯಲ್ಲಿ ನಾವಷ್ಟೇ ಇರುವದಿಲ್ಲ ಎಂಬದನ್ನೂ ನೆನೆಯಬೇಕು. ಗಾಲಿಯು ಮಡಚಿದ ಗಾಡಿ ಎತ್ತ ತಿರುಗುವದೆಂದು ಯಾರಿಗೂ ಗೊತ್ತಿಲ್ಲ. ಎದುರಿಗೆ ಬರುವ ಚಕ್ಕಡಿಯವನಿಗೂ ಶಾಲೆಯ ಮಕ್ಕಳಿಗೂ ನಮ್ಮ 'ನಡೆದೀತು' ಎಂಬ ಮಾತಿನಲ್ಲಿ ಪಾಲಿಲ್ಲ.

ಹೆರಾಲ್ಡ ಇಲ್ಲದ ಮನೆಗಳಿಗೂ ಈ ಲೇಖನದಲ್ಲಿ ಉಪಯೋಗವಿದೆ. ನಮ್ಮ ತಾಲೂಕುಗಳಲ್ಲಿ ಹಳೆಯ ಜೀಪುಗಳೂ ಟ್ರ್ಯಾಕ್ಟರಿನ ಟ್ರಾಲಿಗಳೂ ಹೇರಳವಾಗಿವೆ. ಜೀಪಿನ ಕಮಾನುಪಟ್ಟಿಗಳನ್ನು ಅಚ್ಚಿಗೆ ಅಮುಕಿ ಹಿಡಿಯುವವು ಯು ಆಕಾರದ ಬೋಲ್ಟುಗಳು. ನಡುವಣ ಬೋಲ್ಟು ಪಟ್ಟಿಗಳನ್ನು ಅವವುಗಳ ಜಾಗದಲ್ಲಿ ನಿಲ್ಲಿಸುವದಕ್ಕೆ ಮಾತ್ರ. ಯು ಬೋಲ್ಟು ಸಡಿಲಾದರೆ ಎಲ್ಲ ಹೊಡೆತವೂ ನಡುಬೋಲ್ಟಿನ ಮೇಲೆ ಬಿದ್ದು ಅದು ತುಂಡಾಗಿ, ಅಚ್ಚು ಒಂದು ಮಗ್ಗುಲಿಗೆ ಸರಿಯುವದು. ಹಿಂದಿನಿಂದ ನೋಡಿದಾಗ ಗಾಡಿಯು ಏಡಿಯಂತೆ ಓರೆಯಾಗಿ ಓಡುತ್ತಿದ್ದರೆ ಇದೇ ಕಾರಣವಿದ್ದೀತು. ಹೊಸ ನಡುಬೋಲ್ಟನ್ನು ಮಾತ್ರ ಹಾಕಿ, ಹಿಗ್ಗಿದ ಯು ಬೋಲ್ಟುಗಳನ್ನೇ ಮತ್ತೆ ಬಿಗಿಯುವದು ರೋಗವನ್ನು ಉಳಿಸಿ ನೋವಿಗೆ ಮಾತ್ರ ಮದ್ದು ಕೊಟ್ಟಂತೆ. ಹಳೆಯ ಜೀಪುಗಳ ಕೆಲವು ಕೊಂಡಿಗಳಲ್ಲಿ ಎಡತಿರುಪು ಇರುವದರಿಂದ, ಬಿಚ್ಚುವ ಮೊದಲು ಅದನ್ನು ಗುರುತಿಸಿಕೊಳ್ಳುವದೂ ಅವಶ್ಯ. ಕಬ್ಬು, ಗೋವಿನಜೋಳಗಳ ಹೊರೆ ಹೊರುವ ಟ್ರಾಲಿಯಲ್ಲಿ ಜನರನ್ನೂ ಕೂಡ್ರಿಸುವ ರೂಢಿಯಿರುವದರಿಂದ, ಅಲ್ಲಿಯ ಬೋಲ್ಟುಗಳಿಗೆ ಈ ನಿಯಮಗಳು ಇನ್ನೂ ಹೆಚ್ಚಾಗಿ ಸಲ್ಲುವವು.

ಕೊನೆಯದಾಗಿ ಕೊಳ್ಳುವ ಕ್ರಮವನ್ನು ಹೇಳಿ ಮುಗಿಸುವೆವು. ಅಂಗಡಿಗೆ ಹೋಗುವಾಗ ಹಳೆಯ ಬೋಲ್ಟು, ನಟ್ಟು ಎರಡನ್ನೂ ಶುಚಿ ಮಾಡಿ ಸಂಗಡ ಒಯ್ಯಿರಿ. ಹಳೆಯ ಬೋಲ್ಟಿನ ನಡುವು ಸವೆದಿದ್ದರೆ ಸವೆಯದ ಕಡೆಯಲ್ಲಿ ಅಳೆಯಿರಿ. ಗಾತ್ರ, ಇಂಚಿಗೆ ಸುತ್ತುಗಳು, ಒಟ್ಟು ಉದ್ದ, ನುಣುಪು ಭಾಗದ ಉದ್ದ, ತಲೆಯ ಮೇಲಿನ ಗುರುತು, ಈ ಐದನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಐದರಲ್ಲಿ ಒಂದು ಕೂಡದಿದ್ದರೂ ಬರಿಗೈಯಿಂದ ತಿರುಗಿ ಬರುವ ಧೈರ್ಯವಿರಲಿ. ಬಲಗಡೆಯ ಬೋಲ್ಟು ಸವೆದಿದ್ದರೆ ಎಡಗಡೆಯದನ್ನೂ ಕೂಡಿಯೇ ಬದಲಿಸಿರಿ. ಎರಡೂ ಒಂದೇ ದಾರಿಯನ್ನು ತುಳಿದಿವೆ. ಹೊಸದನ್ನು ಹಾಕಿದ ತಾರೀಖನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಿರಿ. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಅದರ ತಿರುಪನ್ನು ಕೆಡಿಸಿಬಿಡಿರಿ. ಇಲ್ಲವಾದರೆ ಅದು ಮತ್ತೊಬ್ಬರ ಗಾಲಿಯ ಬುಡಕ್ಕೆ ಹೋಗಿ ಸೇರೀತು.